ಚಿತ್ರಶಿಲ್ಪಿ ಕೆ. ವೆಂಕಟಪ್ಪನವರು

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಉದ್ಯಾನದ ಅಂಚಿಗೆ, ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲೇ ವೆಂಕಟಪ್ಪ ಚಿತ್ರಶಾಲೆಯಿದೆ. ಪ್ರೌಢಶಾಲೆಯಲ್ಲಿದ್ದಾಗ ಪ್ರವಾಸಕ್ಕೆಂದು ಹೋಗಿ ನಾನೂ ಅದನ್ನು ನೋಡಿದ್ದುಂಟು. ನೋಡಿದ್ದುಂಟು ಎಂದರೆ, ಒಳಗೆ ಹೊಕ್ಕು ಒಂದು ಸುತ್ತು ಹಾಕಿ ಹೊರಬಿದ್ದೆ, ಅಷ್ಟೆ. ಹುಳಿಯಾರಿನಿಂದ ಕೋಳಿ ಕೂಗುವ ಹೊತ್ತಿಗೆ ಹೊರಟಿದ್ದ ನಮ್ಮ ಮನಸ್ಸೆಲ್ಲ ಪಕ್ಕದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಯಂತ್ರಗಳ ಮೇಲಿತ್ತು. ಗಾಜಿನ ಹಿಂದಿನ ಆ ಸಣ್ಣ ಸಣ್ಣ ಚಿತ್ರಗಳ ಮುಂದೆ ನಿಲ್ಲುವ ತಾಳ್ಮೆ ಯಾರಿಗೂ ಇರಲಿಲ್ಲ. ಆ ವೆಂಕಟಪ್ಪನವರು ಯಾರು ಎಂದು ಕೇಳಬೇಕೆಂದೂ ನನಗೆ ತೋಚಲಿಲ್ಲ.

ಕಾಲೇಜಿಗೆ ಬಂದು ಗ್ರಂಥಾಲಯದ ರುಚಿ ಹತ್ತಿದ ಮೇಲೆ ಅವರ ಜೀವನದ ಸಂಗತಿಗಳು ಒಂದೊಂದಾಗಿ ನನಗೆ ತಿಳಿದವು. ತಿಳಿದಂತೆಲ್ಲ, ಅಂದು ಓಡಿಬಂದುದಕ್ಕೆ ನಾಚಿಕೆಯಾಯಿತು. ಆ ನಾಚಿಕೆಯ ಪ್ರಾಯಶ್ಚಿತ್ತವೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರಿನಲ್ಲಿ. ಅವರದು ಅರಮನೆಯನ್ನು ಆಶ್ರಯಿಸಿದ್ದ ಚಿತ್ರಗಾರರ ಮನೆತನ. ಇಂಥ ಮನೆಗಳಲ್ಲಿ ಮಗು ಅಕ್ಷರಕ್ಕಿಂತ ಮೊದಲು ಕುಂಚವನ್ನು ಹಿಡಿಯುತ್ತದೆ; ಬಣ್ಣ ಅರೆಯುವುದು, ಗೆರೆ ಎಳೆಯುವುದು, ಚಿನ್ನದ ರೇಕು ಕೂರಿಸುವುದು ಇವೆಲ್ಲ ಮನೆಯ ಕೆಲಸದ ಜೊತೆಗೇ ಬರುತ್ತವೆ. ತಂದೆಯ ಕಸುಬನ್ನು ಮಗ ಮುಂದುವರಿಸಿದ್ದರೆ ಅದರಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಆದರೆ ಹುಡುಗನ ಕೈಚಳಕ ನಾಲ್ವಡಿ ಕೃಷ್ಣರಾಜ ಒಡೆಯರ ಕಣ್ಣಿಗೆ ಬಿದ್ದಿತು. ಅವರ ನೆರವಿನಿಂದ ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು.

ಆ ಕಾಲದ ಕಲ್ಕತ್ತೆಯೆಂದರೆ ಸ್ವದೇಶೀ ಚಳವಳಿಯ ಕಲ್ಕತ್ತೆ. ಬಟ್ಟೆಯಲ್ಲಿ, ವಿದ್ಯೆಯಲ್ಲಿ ನಮ್ಮತನವನ್ನು ಹುಡುಕುತ್ತಿದ್ದ ಜನ ಚಿತ್ರದಲ್ಲಿಯೂ ಅದನ್ನೇ ಹುಡುಕುತ್ತಿದ್ದರು. ಆ ಹುಡುಕಾಟದ ಮುಂದಾಳು ಅವನೀಂದ್ರನಾಥ ಠಾಕೂರರು. ಯುರೋಪಿನ ತೈಲಚಿತ್ರಗಳ ಅನುಕರಣೆಯನ್ನು ಬಿಟ್ಟು, ಮೊಗಲ್ ಮತ್ತು ರಜಪೂತ ಚಿತ್ರಗಳಿಂದಲೂ ಅಜಂತೆಯ ಗೋಡೆಗಳಿಂದಲೂ ಜಪಾನೀ ಕಲಾವಿದರಿಂದಲೂ ಕಲಿತು, ತೆಳುವಾದ ನೀರುಬಣ್ಣವನ್ನು ಪದರ ಪದರವಾಗಿ ತೊಳೆದು ಹಚ್ಚುವ ಒಂದು ಪದ್ಧತಿಯನ್ನು ಅವರು ರೂಢಿಗೆ ತಂದಿದ್ದರು. ನಂದಲಾಲ್ ಬಸು, ಅಸಿತ್ ಕುಮಾರ್ ಹಾಲ್ದಾರ್ ಮೊದಲಾದವರ ಆ ಶಿಷ್ಯಮಂಡಲಿಯಲ್ಲಿ ಮೈಸೂರಿನ ಈ ಯುವಕನೂ ಒಬ್ಬನಾದನು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ 1913ರಲ್ಲಿ ಪ್ರಕಟವಾದಾಗ, ಅದರಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳಿದ್ದುವು.

ಅವರು ಕಲ್ಕತ್ತೆಯಲ್ಲೇ ನೆಲೆಸಿದ್ದರೆ ಬಹುಶಃ ಹೆಸರು ಇನ್ನೂ ದೂರ ಹರಡುತ್ತಿತ್ತು. ಅವರು ಹಾಗೆ ಮಾಡಲಿಲ್ಲ, ಮೈಸೂರಿಗೆ ಮರಳಿದರು. ಮರಳಿದ ಮೇಲೆ ಗುರುವಿನ ದಾರಿಯನ್ನೇ ಕಣ್ಣುಮುಚ್ಚಿ ತುಳಿಯಲೂ ಇಲ್ಲ. ಬಂಗಾಳದ ಚಿತ್ರಗಳಲ್ಲಿ ಕನಸಿನಂಥ ಒಂದು ಮಸುಕು ಇರುತ್ತದೆ. ವೆಂಕಟಪ್ಪನವರಿಗೆ ಆ ಮಸುಕು ಸಾಕೆನಿಸಿತು. ಅವರು ಉದಕಮಂಡಲಕ್ಕೆ ಹೋದರು, ಮುಂದೆ 1934ರಲ್ಲಿ ಕೊಡೈಕನಾಲಿಗೆ ಹೋದರು. ಬೆಟ್ಟದ ಎದುರು ಕುಳಿತು ಬೆಳಕನ್ನು ಕಾದರು. ಬೆಳಗಿನ ಬಿಸಿಲು, ಬೆಳುದಿಂಗಳು, ಕೆರೆಯ ಮೇಲೆ ಕವಿದ ಮಳೆಮೋಡ ಇವುಗಳನ್ನು ಕಂಡಂತೆಯೇ, ಎಲೆ ಎಲೆಯನ್ನೂ ಬಿಡದೆ, ಅಂಗೈಯಗಲದ ಕಾಗದಗಳಲ್ಲಿ ಹಿಡಿದಿಟ್ಟರು. ನಮ್ಮ ಬೋರನಕಣಿವೆಯ ನೀರಿನ ಮೇಲೆ ಮುಂಗಾರಿನ ಮೋಡ ಇಳಿಯುವುದನ್ನು ನೋಡಿದವರಿಗೆ ಆ ಚಿತ್ರಗಳು ಪರದೇಶದವೆಂದು ತೋರಲಾರವು.

ಅವರ ಮನಸ್ಸು ಒಂದೇ ಕಲೆಗೆ ಕಟ್ಟುಬಿದ್ದುದೂ ಅಲ್ಲ. ವೈಣಿಕ ಶಿಖಾಮಣಿ ಶೇಷಣ್ಣನವರ ಬಳಿ ಅವರು ವೀಣೆಯನ್ನು ಅಭ್ಯಾಸಮಾಡಿದರು. ಆ ಅಭ್ಯಾಸ ಎಷ್ಟು ಬಲವಾಯಿತೆಂದರೆ ಕುಂಚ ಹಿಂದೆ ಬಿದ್ದಿತು. ಕಡೆಗೆ ತಮ್ಮ ವೀಣೆಯ ಹುಚ್ಚನ್ನೇ ಒಂದು ಚಿತ್ರಕ್ಕೆ ವಸ್ತುವಾಗಿ ಮಾಡಿಕೊಂಡರು. ಅವರು ವಿವಾಹವಾಗಲಿಲ್ಲ. ದಿನಚರಿಯನ್ನು ತಪ್ಪದೆ ಬರೆದಿಡುತ್ತಿದ್ದರು. ಮಾತು ಕಡಿಮೆ, ನೇಮ ಹೆಚ್ಚು. ಇಂಥವರ ಜೊತೆಯಲ್ಲಿ ಬಾಳುವುದು ಸುಲಭವಲ್ಲವೆಂದು ಯಾರಾದರೂ ಊಹಿಸಬಹುದು.

ಚಿತ್ರದಷ್ಟೇ ಪರಿಶ್ರಮವನ್ನು ಅವರು ಉಬ್ಬುಶಿಲ್ಪದಲ್ಲಿಯೂ ಪಡೆದಿದ್ದರು. ಪ್ಲಾಸ್ಟರಿನಲ್ಲಿ ಅವರು ರೂಪಿಸಿದ ಶಕುಂತಲೆಯ ಬೀಳ್ಕೊಡುಗೆಯಂಥ ಫಲಕಗಳಲ್ಲಿ, ಬೆರಳ ದಪ್ಪದ ಆಳದೊಳಗೇ ಕಾಡೂ ಜನರೂ ಅಗಲಿಕೆಯ ದುಃಖವೂ ಅಡಗಿವೆ. ಮೈಸೂರಿನ ಅರಮನೆಗಾಗಿ ಇಂಥ ಫಲಕಗಳನ್ನು ಮಾಡುವ ಕೆಲಸ ಅವರ ಪಾಲಿಗೆ ಬಂದಿತು. ವರ್ಷಗಳು ಹಿಡಿಯುವ ಕೆಲಸ ಅದು. ಅವರ ಪ್ರೌಢ ವಯಸ್ಸಿನ ಶಕ್ತಿಯೆಲ್ಲ ಅದರಲ್ಲಿ ಸೇರಿತು. 1940ರಲ್ಲಿ ನಾಲ್ವಡಿಯವರು ಕಾಲವಾದರು. ದೊರೆಯ ಜೊತೆಗೆ ಆ ಕೆಲಸಕ್ಕಿದ್ದ ಆಸರೆಯೂ ಹೋಯಿತು, ಕೆಲಸ ನಿಂತಿತು.

ಇಲ್ಲಿ ಬೇರೊಬ್ಬರಾಗಿದ್ದರೆ ಕೈಮುಗಿದು ಸುಮ್ಮನಾಗುತ್ತಿದ್ದರು. ಅನ್ನವಿಕ್ಕಿದ ಅರಮನೆ, ಕಲ್ಕತ್ತೆಗೆ ಕಳಿಸಿ ಓದಿಸಿದ ಅರಮನೆ. ಅದರ ವಿರುದ್ಧ ಬಾಯಿ ತೆರೆಯುವುದುಂಟೆ? ವೆಂಕಟಪ್ಪನವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರನ್ನು ಕೃತಘ್ನರೆಂದವರೂ ಇದ್ದಿರಬಹುದು. ನನಗೆ ಮಾತ್ರ ಆ ವ್ಯಾಜ್ಯದ ಸೋಲುಗೆಲವುಗಳಿಗಿಂತ ಅವರು ಮೆಟ್ಟಿಲು ಹತ್ತಿದ್ದೇ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿದೆ; ಅದನ್ನು ಇಲ್ಲಿ ಹೇಳಿದರೆ ವಾಚಕರು ಕ್ಷಮಿಸಬೇಕು.

ನಮ್ಮ ತಂದೆ ಕಾಯಿ ಸುಲಿಯುವ ಕೆಲಸದವರು. ನಮ್ಮ ಸೀಮೆಯ ಉಂಡೆ ಕೊಬ್ಬರಿ ಹೇಗಾಗುತ್ತದೆಂಬುದನ್ನು ತೆಂಗಿನ ನಾಡಿನವರಿಗೆ ಹೇಳಬೇಕಾಗಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಮಲಗಿರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು. ಅಲ್ಲಾಡಿಸಿದರೆ ಗಿಟುಕು ಚಿಪ್ಪಿನೊಳಗೆ ಸದ್ದು ಮಾಡಬೇಕು. ಆಮೇಲೆ ಸಿಪ್ಪೆ ಸುಲಿದು, ಗಿಟುಕು ಒಡೆಯದಂತೆ ಚಿಪ್ಪನ್ನು ಮಾತ್ರ ಬಿಡಿಸಬೇಕು. ಪೆಟ್ಟು ಒಂದಿಷ್ಟು ಹೆಚ್ಚಾದರೆ ವರ್ಷದ ಕಾಯುವಿಕೆ ಹೋಳಾಗುತ್ತದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಬರುವುದು ಆ ಕೈಯ ಹದಕ್ಕೆ. ಒಮ್ಮೆ ಒಂದು ದೊಡ್ಡ ಮನೆಯ ಯಜಮಾನರು ಬಾಯಿಮಾತಿನಲ್ಲಿ ಕೂಲಿ ಗೊತ್ತುಮಾಡಿ ಇಡೀ ಅಟ್ಟದ ಕೆಲಸವನ್ನು ತಂದೆಗೆ ಒಪ್ಪಿಸಿದರು. ಕೆಲಸ ಮುಗಿಯುವುದರೊಳಗೆ ಅವರು ತೀರಿಕೊಂಡರು. ಅಂಥ ಮಾತು ತಮಗೆ ತಿಳಿಯದೆಂದು ಮಕ್ಕಳು ಅರ್ಧ ಕೂಲಿ ಕೊಟ್ಟರು. ತಂದೆ ಅದನ್ನೇ ತೆಗೆದುಕೊಂಡು ಬಂದರು. ಹೋಗಿ ಕೇಳಬಾರದೇ ಎಂದು ನಾನು ಸಿಟ್ಟಾದರೆ, ಅವರ ಅನ್ನ ತಿಂದಿದ್ದೇವೆ, ಸಾವಿನ ಮನೆಯಲ್ಲಿ ಲೆಕ್ಕ ಆಡಬಾರದು ಎಂದು ಸುಮ್ಮನಾದರು. ಅಂದು ನಾನು ಅವರನ್ನು ಮನಸ್ಸಿನಲ್ಲೇ ಹೇಡಿಯೆಂದುಕೊಂಡೆ.

ವೆಂಕಟಪ್ಪನವರ ಕಥೆಯನ್ನು ಓದಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ತಂದೆಯ ಮೌನ ಹೇಡಿತನವಲ್ಲ. ಓದು ಬಾರದವನಿಗೆ ನ್ಯಾಯಾಲಯದ ಮೆಟ್ಟಿಲು ಬಲು ಎತ್ತರ, ಅಷ್ಟೆ. ಕೆಲಸದ ಬೆಲೆ ಬಲ್ಲವರು ಇಬ್ಬರೂ. ಆದರೆ ಉಪಕಾರ ಬೇರೆ, ಪ್ರತಿಫಲ ಬೇರೆ. ಮೊದಲನೆಯದಕ್ಕೆ ಕೃತಜ್ಞರಾಗಿದ್ದೇ ಎರಡನೆಯದನ್ನು ಕೇಳಬಹುದು ಎಂಬುದನ್ನು ವೆಂಕಟಪ್ಪನವರು ನಡೆದು ತೋರಿಸಿದರು. ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಹೊಸ್ತಿಲಿಗೆ ಬಂದಿರುವ ನನಗೆ, ಓದಿನ ಪ್ರಯೋಜನವೇನೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಆಮೇಲೆ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಗದ್ದಲವಿಲ್ಲದೆ ಬಾಳಿ, 1965ರಲ್ಲಿ ಕೊನೆಯುಸಿರೆಳೆದರು. ಅವರ ಹೆಸರಿನ ಚಿತ್ರಶಾಲೆ ಎದ್ದು ನಿಂತದ್ದು ಅವರು ಹೋದ ಮೇಲೆ, 1970ರ ದಶಕದಲ್ಲಿ. ಅದರ ನೆರೆಯ ವಸ್ತುಸಂಗ್ರಹಾಲಯ 1865ರಷ್ಟು ಹಿಂದೆ ಆರಂಭವಾಗಿ, 1877ರಲ್ಲಿ ಈಗಿನ ಕಟ್ಟಡಕ್ಕೆ ಬಂದದ್ದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ, 949ರ ಆತಕೂರು ಕಲ್ಲು ಅಲ್ಲಿದೆ. ಒಂದು ನಾಯಿಯ ನಿಷ್ಠೆಯನ್ನು ಸಾವಿರ ವರ್ಷ ಕಾಪಾಡಿಕೊಂಡು ಬಂದ ನಾಡು, ಒಬ್ಬ ಕಲಾವಿದನ ಶ್ರಮಕ್ಕೆ ಅದರ ಪಕ್ಕದಲ್ಲೇ ಸ್ಥಳ ಕೊಟ್ಟದ್ದು ಉಚಿತವೇ ಆಯಿತು. ವೆಂಕಟಪ್ಪನವರ ನೀರುಬಣ್ಣದ ಚಿತ್ರಗಳೂ ಉಬ್ಬುಶಿಲ್ಪಗಳೂ ಚಿತ್ರಶಾಲೆಯ ಜೀವಾಳ. ಉಡುಪಿಯ ಕಡೆಯ ಕೆ. ಕೆ. ಹೆಬ್ಬಾರರ ಚಿತ್ರಗಳೂ ಆ ಸಂಗ್ರಹಕ್ಕೆ ಸೇರಿವೆ. ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಯೋಚನೆ ಬಂದಾಗ, 2016ರಲ್ಲಿ ಬೆಂಗಳೂರಿನ ಕಲಾವಿದರು ಅದರ ಎದುರಿಗೇ ಸೇರಿ ವಿರೋಧಿಸಿದರು. ಸಾರ್ವಜನಿಕರ ಸೊತ್ತು ಸಾರ್ವಜನಿಕರದಾಗಿಯೇ ಉಳಿಯಲಿ ಎಂಬುದು ಅವರ ವಾದವಾಗಿತ್ತು. ಹಕ್ಕನ್ನು ಕೇಳುವ ಪಾಠವನ್ನು ಅವರು ಆ ಚಿತ್ರಶಾಲೆಯ ಹೆಸರಿನಿಂದಲೇ ಕಲಿತಿರಬಹುದು.

ಸಹಪಾಠಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಬೆಂಗಳೂರಿಗೆ ಅರ್ಜಿ ಹಾಕಲೋ ಪರೀಕ್ಷೆ ಬರೆಯಲೋ ನಾವೆಲ್ಲ ಹೋಗುವವರೇ. ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಂಡು ಕಸ್ತೂರಬಾ ರಸ್ತೆಗೆ ಹೋಗಿ, ಒಂದೇ ಒಂದು ಚಿತ್ರದ ಮುಂದೆ ನಿಧಾನವಾಗಿ ನಿಲ್ಲಿರಿ. ನಾನಂತೂ ಪರೀಕ್ಷೆ ಮುಗಿದೊಡನೆ ಹೋಗಬೇಕೆಂದಿದ್ದೇನೆ. ಈ ಸಲ ತಂದೆಯವರನ್ನೂ ಕರೆದುಕೊಂಡು ಹೋಗುತ್ತೇನೆ. ಅಕ್ಷರ ಬಾರದಿದ್ದರೇನು, ಕೈಯ ಹದ ಎಂಥದೆಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.