ಸ್ಟೇಷನ್ನೇ ಜಾಹೀರಾತಾದ ಕಥೆ: ಲಕ್ಷ್ಮಣರಾವ್ ಕಿರ್ಲೋಸ್ಕರ

ಅಮೆರಿಕಾದ ಹಳೇ ಗೂಡ್ಸ್ ರೈಲುಗಳ ಫೋಟೊ ನೋಡಿದ್ದೀರಾ? ನೋಡಿಲ್ಲ ಅಂದ್ರೆ ಒಮ್ಮೆ ಹುಡುಕಿ ನೋಡಿ. ವ್ಯಾಗನ್ ಅಂದ್ರೆ ನಮ್ಮ ಕಣ್ಣಿಗೆ ಬರೋದು ಕಂದು ಬಣ್ಣದ, ಧೂಳು ಹಿಡಿದ ಡಬ್ಬಿ. ಅಲ್ಲಿ ಹಾಗಿರಲಿಲ್ಲ. ಹಳದಿ, ಕಿತ್ತಳೆ, ಬಿಳಿ ಬಣ್ಣ ಬಳಿದು, ಇಡೀ ಡಬ್ಬಿಯ ಉದ್ದಕ್ಕೂ ಕಂಪನಿ ಹೆಸರು, ಉಪ್ಪಿನಕಾಯಿ ಚಿತ್ರ, ಬಿಯರ್ ಬಾಟಲಿ, ಜೊತೆಗೊಂದು ಘೋಷವಾಕ್ಯ. ಮಾಂಸದ ವ್ಯಾಪಾರದ ಸ್ವಿಫ್ಟ್, ಉಪ್ಪಿನಕಾಯಿಯ ಹೈಂಜ್, ಇಂಥವರ ಡಬ್ಬಿಗಳು ಊರೂರು ಸುತ್ತುವ ಗೋಡೆಬರಹದ ಹಾಗೆ ಇದ್ದವು. ಡಬ್ಬಿ ಬಾಡಿಗೆದು, ಎಳೆಯೋದು ರೈಲ್ವೆ, ಪ್ರಚಾರ ಮಾತ್ರ ಪುಕ್ಕಟೆ! ಒಬ್ಬನ ಹೆಸರು ಬರೆದ ಡಬ್ಬಿಯಲ್ಲಿ ಅವನ ಪೈಪೋಟಿದಾರನ ಸರಕು ಹೋಗೋ ಪ್ರಸಂಗಗಳೂ ಬಂದು ಜಗಳ ಶುರುವಾಯ್ತು. ಕೊನೆಗೆ 1934ರಲ್ಲಿ ಅಲ್ಲಿನ ಸಾರಿಗೆ ಆಯೋಗ ಇದು ಅನ್ಯಾಯದ ಲಾಭ ಅಂತ ತೀರ್ಮಾನಿಸಿತು. 1937ರ ಹೊತ್ತಿಗೆ ಆ ಬಣ್ಣವೆಲ್ಲ ಹಳಿ ಬಿಟ್ಟು ಹೋಯ್ತು.

ನಮ್ಮಲ್ಲಿ ವ್ಯಾಗನ್ ಮೇಲೆ ಬರೆಯುತ್ತಿದ್ದದ್ದು ಹೆಚ್ಚಾಗಿ ರೈಲ್ವೆಯ ಹೆಸರಿನ ಅಕ್ಷರ, ಒಂದು ನಂಬರು, ಖಾಲಿ ತೂಕ, ಎಷ್ಟು ಟನ್ ತುಂಬಬಹುದು ಅನ್ನೋ ಲೆಕ್ಕ. ಓದೋಕೆ ರಸವೇ ಇಲ್ಲ. ಆದ್ರೆ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಒಬ್ಬರು ಇವರೆಲ್ಲರನ್ನೂ ಮೀರಿಸಿದ್ರು. ಅವರ ಹೆಸರು ಡಬ್ಬಿಯ ಮೇಲಲ್ಲ, ಸ್ಟೇಷನ್ನಿನ ಬೋರ್ಡಿನ ಮೇಲೇ ಬಂತು. ರೈಲ್ವೆ ಟೈಂಟೇಬಲ್ಲಿನಲ್ಲಿ, ಟಿಕೆಟ್ಟಿನಲ್ಲಿ, ಸರಕಿನ ರಸೀದಿಯಲ್ಲಿ ಎಲ್ಲಾ ಕಡೆ. ಅವರೇ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ.

ನಮ್ಮ ಮ್ಯಾಗಜೀನಿನಲ್ಲಿ ಇವರ ಬಗ್ಗೆ ಬರೆಯೋಕೆ ಕಾರಣ ಇದೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯ ಯಾವ ಒಕ್ಕಲುತನದ ಮನೆಯಲ್ಲಾದ್ರೂ ಕೇಳಿ, ಈ ಹೆಸರು ಗೊತ್ತು. ಬೋರ್‌ವೆಲ್ಲಿನ ಮೋಟಾರು, ಕೆರೆಯಿಂದ ನೀರೆತ್ತೋ ಡೀಸೆಲ್ ಇಂಜಿನ್ನು, ಪಂಪ್‌ಸೆಟ್ ಅಂಗಡಿಯ ಬೋರ್ಡು. ಹೆಸರು ಗೊತ್ತು, ಮನುಷ್ಯ ಗೊತ್ತಿಲ್ಲ. ಹಲವರು ಕಿರ್ಲೋಸ್ಕರ ಅಂದ್ರೆ ಬರೀ ಒಂದು ಕಂಪನಿ ಅಂತಲೇ ತಿಳಿದಿದ್ದಾರೆ.

ಹುಟ್ಟಿದ್ದು 1869ರ ಜೂನ್ 20, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ಒಂದು ಸಣ್ಣ ಹಳ್ಳಿ ಒಂದೇ ಅಡ್ಡಹೆಸರಿನ ಇಬ್ಬರನ್ನು ಕೊಟ್ಟಿತು, ಒಬ್ಬರು ರಂಗಕ್ಕೆ, ಇನ್ನೊಬ್ಬರು ಕಬ್ಬಿಣಕ್ಕೆ.

ಲಕ್ಷ್ಮಣರಾಯರಿಗೆ ಶಾಲೆಯ ಪುಸ್ತಕಕ್ಕಿಂತ ಚಿತ್ರ ಇಷ್ಟ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋಗಿ ಸೇರಿಕೊಂಡರು. ಅಲ್ಲೇ ಒಂದು ಪೆಟ್ಟು ಬಿತ್ತು. ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯುತ್ತಿರಲಿಲ್ಲ. ಚಿತ್ರಗಾರ ಆಗಬೇಕು ಅಂತ ಮನೆ ಬಿಟ್ಟು ಬಂದ ಹುಡುಗನಿಗೆ ಇದಕ್ಕಿಂತ ದೊಡ್ಡ ಸೋಲು ಏನಿರುತ್ತೆ ಹೇಳಿ. ಆದ್ರೆ ಅವರು ಊರಿಗೆ ವಾಪಸ್ ಹೋಗಲಿಲ್ಲ. ಬಣ್ಣ ಬೇಡದ ಚಿತ್ರ ಯಾವುದು? ನಾವು ಫಸ್ಟ್ ಇಯರಿನಲ್ಲಿ ಬೈಕೋತಾ ಮಾಡೋ ಮೆಕ್ಯಾನಿಕಲ್ ಡ್ರಾಯಿಂಗು! ಗೆರೆ, ಅಳತೆ, ಛೇದನೋಟ, ಅಷ್ಟೇ. ಅದನ್ನು ಕಲಿತು ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ (ಈಗಿನ ವಿ.ಜೆ.ಟಿ.ಐ.) ಅದನ್ನೇ ಕಲಿಸುವ ಮಾಸ್ತರಾದರು. ಬಿಡುವಿನಲ್ಲಿ ಅಲ್ಲಿನ ವರ್ಕ್‌ಶಾಪಿನ ಯಂತ್ರಗಳ ಕೆಲಸವನ್ನೂ ಕಲಿತರು. ಇಂಜಿನಿಯರಿಂಗ್ ಡಿಗ್ರಿ ಅವರಿಗೆ ಕೊನೇವರೆಗೂ ಇರಲಿಲ್ಲ. ಇದನ್ನು ಓದಿ ಯಾರೂ ಕ್ಲಾಸ್ ಬಂಕ್ ಮಾಡಬೇಡಿ, ಅವರು ಲ್ಯಾಬ್ ಒಂದನ್ನೂ ಬಿಟ್ಟವರಲ್ಲ.

ಮುಂಬಯಿಯಲ್ಲಿ ಒಬ್ಬ ಸೈಕಲ್ ಹೊಡೆಯೋದನ್ನು ಕಂಡದ್ದು ಅವರ ಬದುಕಿನ ದಾರಿ ತಿರುಗಿಸಿತು. ಆಗಿನ್ನೂ ಸೈಕಲ್ ಅಂದ್ರೆ ಜನ ನಿಂತು ನೋಡೋ ವಸ್ತು. ಅಣ್ಣ ರಾಮಚಂದ್ರರಾಯರ ಜೊತೆ ಸೇರಿ ಮುಂಬಯಿಯಲ್ಲಿ ಸೈಕಲ್ ಕೊಳ್ಳೋದು, ಬೆಳಗಾವಿಯಲ್ಲಿ ಮಾರೋದು ಶುರು ಮಾಡಿದ್ರು. 1888ರಲ್ಲಿ ಬೆಳಗಾವಿಯ ಅಂಗಡಿಗೆ ಕಿರ್ಲೋಸ್ಕರ ಬ್ರದರ್ಸ್ ಅಂತ ಬೋರ್ಡು ಬಿತ್ತು. ಮಾರಿದ್ರೆ ಸಾಲದು, ಕೊಂಡವರಿಗೆ ಹೊಡೆಯೋದನ್ನೂ ಕಲಿಸಬೇಕಿತ್ತು. ಆ ಅಂಗಡಿ ಇದ್ದ ಬೀದಿಗೆ ಇವತ್ತಿಗೂ ಕಿರ್ಲೋಸ್ಕರ ರೋಡ್ ಅಂತಲೇ ಹೆಸರು. ಇವರ ಹೆಸರು ಜಾಗಗಳಿಗೆ ಅಂಟಿಕೊಳ್ಳೋ ಚಾಳಿ ಅಲ್ಲಿಂದಲೇ ಶುರು.

ಮುಂದೆ ಮುಂಬಯಿಯ ಕೆಲಸದಲ್ಲಿ ತಮಗೆ ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋದಾಗ ರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಮೊದಲು ಕಣಿಕಿ ಕತ್ತರಿಸೋ ಯಂತ್ರ ಮಾಡಿದ್ರು. ಆಮೇಲೆ ಕಬ್ಬಿಣದ ನೇಗಿಲು, ನಮ್ಮ ಕಡೆ ಅನ್ನೋ ಹಾಗೆ ರಂಟಿ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಕಥೆಯ ಗಟ್ಟಿ ಭಾಗ ಇದೇ. ಕಟ್ಟಿಗೆಯ ನೇಗಿಲು ಮಣ್ಣನ್ನು ಸೀಳುತ್ತೆ, ಮಗುಚೋದಿಲ್ಲ. ಸವಣೂರು, ಶಿಗ್ಗಾಂವ ಕಡೆ ಎರಿಹೊಲ ಇದ್ದವರಿಗೆ ಕರಿಕೆ ಹುಲ್ಲಿನ ಕಾಟ ಗೊತ್ತು. ಅದರ ಬೇರು ಆಳಕ್ಕೆ ಇಳಿದಿರುತ್ತೆ, ಮೇಲೆ ಎಷ್ಟು ಹರಗಿದ್ರೂ ಮತ್ತೆ ಚಿಗುರುತ್ತೆ. ಕಬ್ಬಿಣದ ನೇಗಿಲಿನಲ್ಲಿ ಕುಳದ ಹಿಂದೆ ಒಂದು ಬಾಗಿದ ಹಲಗೆ ಇರುತ್ತೆ. ಕುಳ ಅಡಿಯಿಂದ ಹೆಂಟೆಯನ್ನು ಕೊಯ್ದರೆ, ಆ ಬಾಗು ಅದನ್ನು ಎತ್ತಿ ಪಕ್ಕಕ್ಕೆ ಹೊರಳಿಸಿ ತಲೆಕೆಳಗು ಮಾಡುತ್ತೆ. ಬೇರು ಬಿಸಿಲಿಗೆ ಬಿದ್ದು ಒಣಗುತ್ತೆ. ಬೇಸಿಗೆಯಲ್ಲಿ ಒಮ್ಮೆ ಹೀಗೆ ಗಳೆ ಹೊಡೆದರೆ ಮಳೆ ನೀರೂ ಆಳಕ್ಕೆ ಇಳಿಯುತ್ತೆ.

ಹಾಗಾದ್ರೆ ಜನ ಮುಗಿಬಿದ್ದು ಕೊಂಡಿರಬೇಕು ಅಂತೀರಾ? ಒಂದೂ ಹೋಗಲಿಲ್ಲ. ಮೊದಲನೇ ನೇಗಿಲು ಮಾರಾಟ ಆಗೋಕೆ ಎರಡು ವರ್ಷ ಹಿಡಿಯಿತು. ಕಬ್ಬಿಣ ತಾಗಿದ್ರೆ ಭೂಮಿಗೆ ವಿಷ ಏರುತ್ತೆ ಅನ್ನೋ ನಂಬಿಕೆ ರೈತರಲ್ಲಿ ಬಲವಾಗಿತ್ತು.

ಇದನ್ನು ಮೂಢನಂಬಿಕೆ ಅಂತ ಹೇಳಿ ಮುಂದೆ ಹೋಗೋದು ಸುಲಭ. ನಮಗೆ ಹಾಗೆ ಅನ್ನಿಸೋದಿಲ್ಲ. ರೈತನ ಕಡೆಯಿಂದ ನೋಡಿ. ಕಟ್ಟಿಗೆಯ ನೇಗಿಲು ಮುರಿದರೆ ಊರಿನ ಬಡಿಗೇರ ಅದೇ ದಿನ ಸರಿ ಮಾಡಿಕೊಡ್ತಾನೆ, ಸುಗ್ಗಿಯಲ್ಲಿ ಕಾಳು ಅಳೆದರೆ ಆಯ್ತು. ಈ ಬೀಡು ಕಬ್ಬಿಣದ್ದು ಮುರಿದರೆ? ಅದನ್ನು ಕಮ್ಮಾರನ ಒಲೆಯಲ್ಲಿ ಕಾಯಿಸಿ ಬಡಿಯೋಕೆ ಬರೋದಿಲ್ಲ, ಒಡೆದೇ ಹೋಗುತ್ತೆ. ಬಿತ್ತನೆ ಹದ ಇರೋದು ನಾಲ್ಕೇ ದಿನ. ಬೆಳಗಾವಿಯಿಂದ ಬಿಡಿಭಾಗ ಬರೋವರೆಗೆ ಮಳೆ ಕಾಯುತ್ತಾ? ಜೊತೆಗೆ ಭಾರದ ನೇಗಿಲು, ಎರಿಮಣ್ಣಿನಲ್ಲಿ ಆಳಕ್ಕೆ ಎಳೆಯೋಕೆ ಒಂದು ಜೋಡಿ ಎತ್ತು ಸಾಲದು, ಎರಡು ಜೋಡಿ ಬೇಕು. ಒಂದೇ ಜೋಡಿ ಇದ್ದವನು ಮುಯ್ಯಾ ಮಾಡಿ ನೆರೆಯವನ ಎತ್ತು ಕಟ್ಟಬೇಕು. ಒಂದು ಹಂಗಾಮು ತಪ್ಪಿದ್ರೆ ಇಡೀ ವರ್ಷದ ಊಟ ತಪ್ಪುತ್ತೆ. ವಿಷದ ಮಾತಿನ ಹಿಂದೆ ಈ ಭಯವೂ ಇದ್ದಿರಬೇಕು ಅನ್ನೋದು ನಮ್ಮ ಊಹೆ. ಹೊಸ ಯಂತ್ರ ಬೇಡ ಅನ್ನೋ ಗಿರಾಕಿಗೆ ಬುದ್ಧಿ ಇಲ್ಲ ಅಂತ ತಿಳಿಯೋ ಇಂಜಿನಿಯರ್, ತನ್ನ ಯಂತ್ರದ ಅರ್ಧ ದೋಷ ಕಾಣೋದೇ ಇಲ್ಲ.

ಕುಳದ ಮಾತಿಗೆ ಬಂದ್ರೆ, ಅದು ಬರೀ ಆಕಾರದ ಪ್ರಶ್ನೆ ಅಲ್ಲ. ಮೆತ್ತಗಿದ್ರೆ ಹಿರೇಕೆರೂರಿನ ಗರಸು ಮಣ್ಣಿನಂಥದ್ದರಲ್ಲಿ ಬೇಗ ಸವೆಯುತ್ತೆ. ತೀರಾ ಗಡಸಾದ್ರೆ ಕಲ್ಲು ತಾಗಿ ಚೂರಾಗುತ್ತೆ. ಎರಕ ಹೊಯ್ಯುವಾಗ ಅಂಚಿಗೆ ಲೋಹದ ತುಂಡಿಟ್ಟು ಬೇಗ ತಣಿಸಿದ್ರೆ ಮೇಲ್ಮೈ ಗಡಸಾಗಿ ಒಳಗೆ ಮೆತ್ತಗೇ ಉಳಿಯುತ್ತೆ. ಮೆಟೀರಿಯಲ್ ಸೈನ್ಸ್ ವೈವಾದಲ್ಲಿ ಚಿಲ್ಡ್ ಕಾಸ್ಟಿಂಗ್ ಅಂದ್ರೇನು ಅಂತ ಕೇಳಿದ್ರೆ ನೇಗಿಲ ಕುಳ ನೆನಪು ಮಾಡಿಕೊಳ್ಳಿ.

ಮೆಲ್ಲಗೆ ಮಾರಾಟ ಕುದುರಿತು. ಅಷ್ಟರಲ್ಲಿ ಬೆಳಗಾವಿ ಪುರಸಭೆ ಅವರ ಕಾರ್ಖಾನೆಯ ಜಾಗ ಬಿಡಿಸಿತು. ಯಂತ್ರಗಳಿವೆ, ಕೆಲಸಗಾರರಿದ್ದಾರೆ, ನಿಲ್ಲೋಕೆ ನೆಲ ಇಲ್ಲ. ಆಗ ಕೈ ಹಿಡಿದವರು ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಯಮಾಯಿ ದೇವಿಯ ಗುಡಿಗೆ ಮಂಟಪ ಕಟ್ಟೋ ಕೆಲಸ ಕೊಟ್ಟರು. ಆಮೇಲೆ 32 ಎಕರೆ ಬರಡು ನೆಲ, 10,000 ರೂಪಾಯಿ ಸಾಲ. ಆ ರಾಜ ಸ್ವತಃ ಚಿತ್ರಕಾರ. ಬಣ್ಣ ಕೈಕೊಟ್ಟವರಿಗೆ ಬಣ್ಣ ಬಲ್ಲವರು ನೆಲ ಕೊಟ್ಟ ಹಾಗಾಯ್ತು.

ನೆಲ ಇದ್ದದ್ದು ಕುಂಡಲ ರೋಡ್ ಅನ್ನೋ ಹಾಳು ಸುರಿಯೋ ಸ್ಟೇಷನ್ನಿನ ಪಕ್ಕ. ಪಾಪಾಸುಕಳ್ಳಿ, ಹಾವು, ಬಿಸಿಲು. 1910ರ ಮಾರ್ಚ್ 10ರಂದು ಅಲ್ಲಿ ಕಿರ್ಲೋಸ್ಕರವಾಡಿ ಶುರುವಾಯ್ತು. ಬೆಳಗಾವಿ ಕಳಕೊಂಡದ್ದು ಆ ಸ್ಟೇಷನ್ನಿಗೆ ಸಿಕ್ಕಿತು. ಇದನ್ನು ಬರೆಯುವಾಗ ನಮಗೆ ಸ್ವಲ್ಪ ಹೊಟ್ಟೆ ಉರಿಯೋದು ಸಹಜ ಬಿಡಿ.

ಸ್ಟೇಷನ್ ಪಕ್ಕ ಅನ್ನೋದು ಸಣ್ಣ ಮಾತಲ್ಲ. ಆ ಹಳಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದ್ದು, ಮೀಟರ್ ಗೇಜ್. ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾ ಹಾಯ್ದು ಹುಬ್ಬಳ್ಳಿ, ಅಲ್ಲಿಂದ ಸವಣೂರು, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹರಿಹರ. ಇಡೀ ದಾರಿ ಒಂದೇ ಅಳತೆಯ ಹಳಿ. ಗೇಜ್ ಬದಲಾಗೋ ಕಡೆ ಸರಕು ಇಳಿಸಿ ಇನ್ನೊಂದು ವ್ಯಾಗನ್ನಿಗೆ ಏರಿಸೋ ತಾಪತ್ರಯ ಇಲ್ಲಿಲ್ಲ. ಅಲ್ಲಿ ತುಂಬಿದ ಡಬ್ಬಿ ಹಾವೇರಿಯಲ್ಲೇ ಬಾಗಿಲು ತೆರೆಯಬಹುದು. ಮುಂದೆ ಹಾನಗಲ್ಲಿಗೆ, ಹಿರೇಕೆರೂರಿಗೆ ಚಕ್ಕಡಿಯೇ ಗತಿ. ಈ ಎರಡು ಊರಿಗೆ, ಶಿಗ್ಗಾಂವಿಗೂ ಸೇರಿ, ಇವತ್ತಿಗೂ ರೈಲು ಬಂದಿಲ್ಲ. ಸವಣೂರಿನ ಹೆಸರಿನ ಸ್ಟೇಷನ್ನೂ ಊರಿಂದ ದೂರ. ನೇಗಿಲಿನಂಥ ಭಾರದ, ಅಗ್ಗದ ಸರಕಿಗೆ ಸಾಗಾಣಿಕೆ ಖರ್ಚೇ ಬೆಲೆಯನ್ನು ನಿರ್ಧರಿಸುತ್ತೆ. ಹಾಗಾಗಿ ಹಾವು ಇದ್ದರೂ ಸರಿ, ಹಳಿ ಇರೋ ಜಾಗವೇ ಸರಿಯಾದ ಜಾಗ.

ಕಾರ್ಖಾನೆ ಬೆಳೆದು ಊರಾಯ್ತು, ಊರಿನ ಹೆಸರು ಸ್ಟೇಷನ್ನಿಗೂ ಬಂತು. ಕುಂಡಲ ರೋಡ್ ಹೋಗಿ ಕಿರ್ಲೋಸ್ಕರವಾಡಿ. ಅಮೆರಿಕಾದವರು ಡಬ್ಬಿಗೆ ಬಣ್ಣ ಬಳಿದರು, ಕಾನೂನು ಬಂದು ಅಳಿಸಿತು. ಸ್ಟೇಷನ್ ಬೋರ್ಡನ್ನು ರೈಲ್ವೆಯೇ ತನ್ನ ಖರ್ಚಿನಲ್ಲಿ ಕಾಲಕಾಲಕ್ಕೆ ಬಣ್ಣ ಬಳಿದು ಕಾಪಾಡುತ್ತೆ!

ಹೇಳಿ ಮಾಡಿಸಿದ ಜಾಹೀರಾತಿನ ಕೆಲಸ ನೋಡಿಕೊಂಡವರು ಅವರ ಅಣ್ಣನ ಮಗ ಶಂಕರರಾವ್. ಅವರೂ ಚಿತ್ರಕಲೆ ಕಲಿತವರೇ. 1920ರಲ್ಲಿ ಕಂಪನಿ ಲಿಮಿಟೆಡ್ ಆಯ್ತು, ಅದೇ ವರ್ಷ ಶಂಕರರಾಯರು ಕಿರ್ಲೋಸ್ಕರ ಖಬರ್ ಅನ್ನೋ ಪತ್ರಿಕೆ ತೆಗೆದರು. ನೇಗಿಲಿನ ಸುದ್ದಿ ಹೇಳೋಕೆ ಹುಟ್ಟಿದ್ದು ಕ್ರಮೇಣ ಮರಾಠಿಯ ದೊಡ್ಡ ಮಾಸಪತ್ರಿಕೆಯಾಗಿ ಬೆಳೆಯಿತು, 1930ರಲ್ಲಿ ಸ್ತ್ರೀ ಅನ್ನೋ ಇನ್ನೊಂದು ಪತ್ರಿಕೆಯೂ ಬಂತು.

ಮೊದಲ ಮಹಾಯುದ್ಧ ಬಂದಾಗ ಪರದೇಶದ ನೇಗಿಲು ಬರೋದು ನಿಂತಿತು. ಬೇಡಿಕೆ ಏರಿತು, ಆದ್ರೆ ಕಬ್ಬಿಣವೇ ಇಲ್ಲ. ಕೊಲ್ಲಾಪುರದ ಶಾಹು ಮಹಾರಾಜರು ತಮ್ಮಲ್ಲಿದ್ದ ಹಳೇ ತೋಪುಗಳನ್ನು ಕರಗಿಸೋಕೆ ಕೊಟ್ಟರು. ಕೋಟೆಯ ಮೇಲೆ ಮಳೆ ಬಿಸಿಲಿಗೆ ಬಿದ್ದಿದ್ದ ತೋಪು ಕರಗಿ ಹೊಲ ಸೇರಿತು.

ಕಿರ್ಲೋಸ್ಕರವಾಡಿಯ ಇನ್ನೊಂದು ವಿಷಯ ಇಲ್ಲಿ ಬರಲೇಬೇಕು. ಸರ್ಕಾರ ಅಪರಾಧಿಗಳು ಅಂತ ಮುದ್ರೆ ಒತ್ತಿದ್ದ ರಾಮೋಶಿ ಸಮುದಾಯದವರನ್ನು, ಜೈಲು ಕಂಡು ಬಂದವರನ್ನು ರಾಯರು ರಾತ್ರಿ ಕಾವಲಿಗೆ ಇಟ್ಟರು. ವಸಾಹತಿನಲ್ಲಿ ಮುಟ್ಟು ಮಡಿಯ ಭೇದಕ್ಕೆ ಅವರು ಒಪ್ಪುತ್ತಿರಲಿಲ್ಲ. ಇಡೀ ವಸಾಹತನ್ನು ಯೋಜಿಸಿ ನಡೆಸಿದ್ದು ಅಣ್ಣ ರಾಮಣ್ಣ, ಲೆಕ್ಕ ಬರೆದದ್ದು ಮಂಗೇಶರಾವ್ ರೇಗೆ, ಯಂತ್ರಗಳ ಕಡೆ ಶಂಭೂರಾವ್ ಜಾಂಭೇಕರ. ಎರಕ ಹೊಯ್ದ ನೂರಾರು ಕೈಗಳ ಹೆಸರು ಮಾತ್ರ ಯಾವ ಬೋರ್ಡಿನ ಮೇಲೂ ಬರಲಿಲ್ಲ, ಅದೂ ನಿಜ.

1926ರಲ್ಲಿ ಪಂಪು ಬಂತು. ಅದೇ ವರ್ಷ ಮಗ ಶಂತನುರಾವ್ ಅಮೆರಿಕಾದ ಎಂ.ಐ.ಟಿ.ಯಿಂದ ಇಂಜಿನಿಯರಾಗಿ ಹೊರಬಂದರು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ರಾಣೆಬೆನ್ನೂರಿನಿಂದ ತುಂಗಭದ್ರೆ ದಾಟಿದ ಕೂಡಲೇ, ಮೈಸೂರ್ ಕಿರ್ಲೋಸ್ಕರ ಶುರುವಾಯ್ತು. ಕಾರ್ಖಾನೆಯ ಜಾಗಕ್ಕೆ ಯಂತ್ರಪುರ ಅಂತ ಹೆಸರು. ಅಲ್ಲಿ ತಯಾರಾದದ್ದು ಲೇತ್. ಯಂತ್ರ ಮಾಡೋ ಯಂತ್ರ. ಬೆಳಗಾವಿಯಿಂದ ಹೋದದ್ದು 31 ವರ್ಷದ ಮೇಲೆ ನಮ್ಮ ಜಿಲ್ಲೆಯ ಅಂಚಿಗೆ ಬಂದ ಹಾಗಾಯ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಆ ಕಾರ್ಖಾನೆ ಮುಚ್ಚಿತು. ಆದ್ರೆ ಅದರ ಲೇತುಗಳು ನಿಂತಿಲ್ಲ. ಯಾವುದಾದ್ರೂ ಹಳೇ ಕಾಲೇಜಿನ ಮಷೀನ್ ಶಾಪಿಗೆ ಹೋಗಿ, ಹೆಡ್‌ಸ್ಟಾಕ್ ಮೇಲಿನ ಗ್ರೀಸ್ ಒರೆಸಿ ನೋಡಿ, ಹೆಸರು ಸಿಗೋ ಸಂಭವ ಜಾಸ್ತಿ. ಎರಕದಲ್ಲೇ ಉಬ್ಬಿ ಬಂದ ಅಕ್ಷರಕ್ಕೆ ಪೇಂಟ್ ಹೋದರೂ ಚಿಂತೆ ಇಲ್ಲ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. 1969ರ ಜೂನ್ 20ಕ್ಕೆ, ನೂರನೇ ಹುಟ್ಟುಹಬ್ಬದ ದಿನ, ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪು ತಂತು. ಇಪ್ಪತ್ತು ಪೈಸೆಯ ಆ ಸ್ಟಾಂಪು ಅಂಟಿಸಿಕೊಂಡ ಕಾಗದಗಳು ರೈಲಿನ ಟಪಾಲು ಡಬ್ಬಿಯಲ್ಲೇ ಊರೂರಿಗೆ ಹೋದವು.