ನವೆಂಬರ್ 9: ಶಂಕರ್ ನಾಗ್ ನೆನಪು



ರಾಜ್ಯೋತ್ಸವದ ತಿಂಗಳಲ್ಲೇ ಶಂಕರ್ ನಾಗ್ ಅವರ ಹುಟ್ಟುಹಬ್ಬವೂ ಬರುತ್ತದೆ. ಬೆಂಗಳೂರಿನ ಆಟೋಗಳ ಮೇಲೆ ಇಂದಿಗೂ ಅವರ ಚಿತ್ರವಿದೆ. ಬುಧಗಾಂವದಲ್ಲಿ ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಅವರ ಪರಿಚಯ ಕಡಿಮೆ. ಅದಕ್ಕೇ ಈ ನಾಲ್ಕು ಮಾತು.

ಶಂಕರ್ ನಾಗ್ 1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ. ಓದು ಮುಗಿಸಿ ಮುಂಬಯಿಗೆ ಹೋದವರನ್ನು ಮರಾಠಿ ರಂಗಭೂಮಿ ಸೆಳೆಯಿತು. ಮುಂದೆ ಬಾಳಸಂಗಾತಿಯಾದ ಅರುಂಧತಿಯವರ ಪರಿಚಯವಾದದ್ದೂ ಅಲ್ಲಿಯ ನಾಟಕಗಳಿಂದಲೇ.

1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಕತ್ತಿ ಹಿಡಿದ ಗಂಡುಗಲಿಯಾಗಿ ಬಂದರು. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆಮೇಲೆ ‘ಸೀತಾರಾಮು’, ‘ಆಟೋ ರಾಜ’. ಜನ ಅವರನ್ನು ಕರಾಟೆ ಕಿಂಗ್ ಎಂದರು.

ಹೊಡೆದಾಟದ ಈ ಹೀರೋ ಬರೆಯುವವರೂ ಆಗಿದ್ದರು, ಅದೂ ಮರಾಠಿಯಲ್ಲಿ! ನಚಿಕೇತ್ ಮತ್ತು ಜಯೂ ಪಟವರ್ಧನ್ ನಿರ್ದೇಶಿಸಿದ, 1979ರ ‘22 ಜೂನ್ 1897’ ಚಿತ್ರದ ಚಿತ್ರಕಥೆ ಬರೆದವರಲ್ಲಿ ಶಂಕರ್ ಒಬ್ಬರು. ಪ್ಲೇಗಿನ ಕಾಲದಲ್ಲಿ ಪುಣೆಯ ಜನರ ಮನೆಗಳಿಗೆ ಸೈನಿಕರನ್ನು ನುಗ್ಗಿಸಿದ ಅಧಿಕಾರಿ ರ್‍ಯಾಂಡ್‌ನನ್ನು ಚಾಫೇಕರ್ ಸಹೋದರರು ಗುಂಡಿಕ್ಕಿದ ಕಥೆ ಅದು. ಚಾಫೇಕರರ ಹೆಸರು ನಮ್ಮ ಮಕ್ಕಳಿಗೆ ಗೊತ್ತು. ಆ ಕಥೆಯನ್ನು ತೆರೆಗೆ ತರುವುದರಲ್ಲಿ ಒಬ್ಬ ಕನ್ನಡ ನಟನ ಲೇಖನಿಯೂ ದುಡಿದಿದೆ ಎಂಬುದು ಗೊತ್ತಿಲ್ಲ.

ಮುಂದೆ ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಚಿತ್ರಗಳನ್ನು ನಿರ್ದೇಶಿಸಿದರು. ಆಗುಂಬೆಯಲ್ಲಿ ಬೀಡುಬಿಟ್ಟು, ಆರ್.ಕೆ. ನಾರಾಯಣರ ಕಥೆಗಳಿಂದ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಮಾಡಿದರು. ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿದರು. ನಗರಕ್ಕೆ ಮೆಟ್ರೋ ರೈಲು ಬೇಕೆಂದು ಅಂದೇ ಓಡಾಡಿದರು. ಹನ್ನೆರಡು ವರ್ಷಗಳಲ್ಲಿ 80ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸುತ್ತ ಇಷ್ಟೆಲ್ಲ ಮಾಡಿದ್ದು.

1990ರ ಸೆಪ್ಟೆಂಬರ್ 30ರಂದು ಚಿತ್ರೀಕರಣಕ್ಕೆ ಹೊರಟಿದ್ದಾಗ ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತವಾಯಿತು. ಆಗ ಅವರಿಗೆ 35 ವರ್ಷ. ನಾವು ಬೆಂಗಳೂರಿಗೆ ಹೋಗಿ ಬರುವ ಪುಣೆ-ಬೆಂಗಳೂರು ಹೆದ್ದಾರಿಯದೇ ಊರು ಅದು. ಆ ದಾರಿಯಲ್ಲಿ ಹೋಗುವಾಗ ಒಮ್ಮೆ ನೆನೆಯಿರಿ.

ಗಡಿಯಲ್ಲಿರುವ ನಮ್ಮನ್ನು ಮರಾಠಿಯವರೋ ಕನ್ನಡದವರೋ ಎಂದು ಎಲ್ಲರೂ ಕೇಳುತ್ತಾರೆ. ಮಕ್ಕಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಮನೆಯಲ್ಲಿ ಕೊಂಕಣಿ ಆಡಿ, ಮರಾಠಿಯಲ್ಲಿ ಬರೆದು, ಕನ್ನಡಿಗರ ಮನೆಮಗನಾದ ಶಂಕರಣ್ಣನ ಬಾಳೇ ಇದಕ್ಕೆ ಉತ್ತರ ಎಂದು ನಮಗೆ ಅನಿಸುತ್ತದೆ. ಒಂದು ಭಾಷೆ ಕಲಿತರೆ ಇನ್ನೊಂದನ್ನು ಬಿಡಬೇಕಿಲ್ಲ.

ಈ ತಿಂಗಳು ಮಕ್ಕಳನ್ನು ಕೂರಿಸಿಕೊಂಡು ‘ಮಾಲ್ಗುಡಿ ಡೇಸ್’ನ ಒಂದು ಕಂತನ್ನಾದರೂ ನೋಡಿ. ಅದು ಹಿಂದಿಯಲ್ಲೇ ಇದೆ, ಅವರಿಗೆ ತಿಳಿಯುತ್ತದೆ. ನೋಡಿದ ಮೇಲೆ, ಇದನ್ನು ಮಾಡಿದವರು ನಮ್ಮವರು ಎಂದು ಕನ್ನಡದಲ್ಲಿ ಹೇಳಿ.

ಕಾರ್ಯದರ್ಶಿ