ನಾವಿಕ ಜೇಮ್ಸ್ ಕುಕ್ಕನ ಪರೀಕ್ಷೆ

ಪರೀಕ್ಷೆಯೆಂಬ ಶಬ್ದವು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹಲವರ ಎದೆ ಈಗಲೂ ಒಮ್ಮೆ ಝಲ್ಲೆನ್ನುತ್ತದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ನಿದ್ದೆಯೊಡನೆ ಹೋರಾಡುತ್ತ ಓದಿದವರು, ಕಚೇರಿಯ ಕೆಲಸ ಮುಗಿಸಿ ಮೇಲಿನ ದರ್ಜೆಯ ಪರೀಕ್ಷೆಗಾಗಿ ದೀಪ ಉರಿಸಿದವರು, ನಮ್ಮ ವಾಚಕ ಬಾಂಧವರಲ್ಲಿಯೂ ಅವರ ತಂದೆ ಅಜ್ಜಂದಿರಲ್ಲಿಯೂ ಅನೇಕರಿದ್ದಾರೆ. ಕುಲದ ಬಲವಾಗಲಿ ಹಣದ ಬಲವಾಗಲಿ ಇಲ್ಲದವನಿಗೆ ಪರೀಕ್ಷೆಯೊಂದೇ ಏಣಿ. ಅಂಥ ಏಣಿಯ ಒಂದು ಮೆಟ್ಟಿಲನ್ನು ಹತ್ತಿ, ಮುಂದೆ ಭೂಮಂಡಲದ ನಕ್ಷೆಯನ್ನೇ ತಿದ್ದಿದ ನಾವಿಕನೊಬ್ಬನ ಜೀವನವನ್ನು ಇಂದು ನಾವು ಸಂಗ್ರಹವಾಗಿ ನಿರೂಪಿಸಬೇಕೆಂದಿದ್ದೇವೆ. ಅವನೇ ಇಂಗ್ಲೆಂಡಿನ ಜೇಮ್ಸ್ ಕುಕ್.

1728ನೆಯ ಇಸವಿಯ ಅಕ್ಟೋಬರ್ 27ರಂದು ಯಾರ್ಕ್‌ಷೈರ್ ಪ್ರಾಂತದ ಮಾರ್ಟನ್ ಎಂಬ ಹಳ್ಳಿಯಲ್ಲಿ ಕುಕ್ಕನು ಜನಿಸಿದನು. ತಂದೆಯು ಸ್ಕಾಟ್ಲೆಂಡಿನಿಂದ ಬಂದು ಪರರ ಹೊಲದಲ್ಲಿ ಕೂಲಿ ಮಾಡುತ್ತಿದ್ದವನು. ಆ ಹೊಲದ ಒಡೆಯನು ಹುಡುಗನ ಚುರುಕುತನವನ್ನು ಕಂಡು ಊರ ಶಾಲೆಯ ಶುಲ್ಕವನ್ನು ತಾನೇ ಕೊಟ್ಟನು. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಅವನಿಗೆ ಶಾಲೆಯಿಂದ ದೊರೆತ ಬಂಡವಾಳ. ಹದಿನಾರರ ವಯಸ್ಸಿನಲ್ಲಿ ಸ್ಟೇತ್ಸ್ ಎಂಬ ಮೀನುಗಾರರ ಊರಿನ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದನು. ದಿನಸಿ ತೂಗುವುದು, ಬಟ್ಟೆ ಅಳೆಯುವುದು ಅವನ ಉದ್ಯೋಗ. ಆದರೆ ಅಂಗಡಿಯ ಹೊರಗೆ ಸದಾ ಮೊರೆಯುತ್ತಿದ್ದ ಕಡಲು ಅವನ ಮನಸ್ಸನ್ನು ತಕ್ಕಡಿಯ ಮೇಲೆ ನಿಲ್ಲಗೊಡಲಿಲ್ಲ. ಒಂದೂವರೆ ವರ್ಷದ ಬಳಿಕ ಅಂಗಡಿಯ ಧಣಿಯೇ ಅವನನ್ನು ಸಮೀಪದ ವಿಟ್ಬಿ ಬಂದರಿಗೆ ಕರೆದೊಯ್ದು, ಜಾನ್ ವಾಕರ್ ಎಂಬ ಹಡಗಿನ ಮಾಲೀಕನಿಗೆ ಒಪ್ಪಿಸಿದನು.

ವಾಕರನ ಹಡಗುಗಳು ಟೈನ್ ನದಿಯ ತೀರದಿಂದ ಲಂಡನ್ನಿಗೆ ಕಲ್ಲಿದ್ದಲು ಸಾಗಿಸುವಂಥವು. ಮರಳದಿಣ್ಣೆಗಳಿಂದಲೂ ಬಿರುಗಾಳಿಯಿಂದಲೂ ಕುಖ್ಯಾತವಾದ ಆ ಕರಾವಳಿಯೇ ಕುಕ್ಕನ ಮಹಾವಿದ್ಯಾಲಯವಾಯಿತು. ಚಳಿಗಾಲದಲ್ಲಿ ಹಡಗುಗಳು ದಡದಲ್ಲಿ ತಂಗಿದಾಗ ಹುಡುಗರೆಲ್ಲರೂ ಧಣಿಯ ಮನೆಯ ಮಾಳಿಗೆಯಲ್ಲಿ ವಾಸಿಸುತ್ತಿದ್ದರು. ಉಳಿದವರು ಹರಟೆಯಲ್ಲಿ ಕಾಲ ಕಳೆಯುತ್ತಿರುವಾಗ ಕುಕ್ಕನೊಬ್ಬನು ಗಣಿತವನ್ನೂ ನೌಕಾಶಾಸ್ತ್ರವನ್ನೂ ಓದುತ್ತ ಕುಳಿತಿರುತ್ತಿದ್ದನೆಂದೂ, ಆ ಮನೆಯ ವೃದ್ಧ ಪರಿಚಾರಿಕೆಯು ಕನಿಕರಪಟ್ಟು ಅವನಿಗೊಂದು ಮೇಜನ್ನೂ ಮೇಣದ ಬತ್ತಿಗಳನ್ನೂ ಒದಗಿಸುತ್ತಿದ್ದಳೆಂದೂ ಆ ಊರಿನಲ್ಲಿ ಪ್ರತೀತಿಯಿದೆ. ಪರಸ್ಥಳದಲ್ಲಿ ಯಾರೋ ಒಬ್ಬ ತಾಯಿ ಹೀಗೆ ದೀಪ ಹಚ್ಚಿಟ್ಟುದನ್ನು ನೆನೆಯಬಲ್ಲವರು ನಮ್ಮ ವಾಚಕರಲ್ಲಿಯೂ ಇರಬಹುದು.

1752ರಲ್ಲಿ ಅವನು ಹಡಗಿನ ಉಪನಾಯಕನಾದನು. 1755ರಲ್ಲಿ ವಾಕರನು ಅವನನ್ನು ಕರೆದು, ಫ್ರೆಂಡ್‌ಷಿಪ್ ಎಂಬ ಹಡಗಿನ ಯಜಮಾನಿಕೆಯನ್ನು ವಹಿಸಿಕೊಳ್ಳುವಂತೆ ಹೇಳಿದನು. ಕೂಲಿಯವನ ಮಗನಿಗೆ ಇಪ್ಪತ್ತಾರರ ವಯಸ್ಸಿಗೇ ಒಂದು ಹಡಗಿನ ಒಡೆತನದ ಅಧಿಕಾರ! ಬೇರೆ ಯಾರಾದರೂ ಎರಡು ಕೈಗಳಿಂದ ಸ್ವೀಕರಿಸುತ್ತಿದ್ದರು. ಕುಕ್ಕನಾದರೋ ಅದನ್ನು ವಿನಯದಿಂದ ನಿರಾಕರಿಸಿ, ಅದೇ ಜೂನ್ ತಿಂಗಳಲ್ಲಿ ಲಂಡನ್ನಿನ ವಾಪಿಂಗ್ ಎಂಬಲ್ಲಿ ರಾಜನ ನೌಕಾಪಡೆಗೆ ಸಾಮಾನ್ಯ ಖಲಾಸಿಯಾಗಿ ಸೇರಿದನು. ಫ್ರಾನ್ಸಿನೊಡನೆ ಯುದ್ಧವು ಹೊಸ್ತಿಲಲ್ಲಿ ನಿಂತಿದ್ದ ಕಾಲವದು. ಜನರು ನೌಕಾಪಡೆಯ ಹೆಸರು ಕೇಳಿದರೆ ಓಡಿ ಅಡಗುತ್ತಿದ್ದರು. ಬೀದಿಯಲ್ಲಿ ಸಿಕ್ಕ ನಾವಿಕರನ್ನು ಬಲಾತ್ಕಾರವಾಗಿ ಹಿಡಿದೊಯ್ಯಬೇಕಾಗಿದ್ದಿತು. ಅಂಥಲ್ಲಿಗೆ ಇವನು ತಾನಾಗಿಯೇ ಹೋದನು.

ಈಗಲ್ ಎಂಬ ಯುದ್ಧನೌಕೆಯನ್ನೇರಿದ ಒಂದು ತಿಂಗಳೊಳಗೆ ಅವನ ಯೋಗ್ಯತೆಯು ಮೇಲಿನವರ ಕಣ್ಣಿಗೆ ಬಿದ್ದು, ಅವನು ಮಾಸ್ಟರನ ಸಹಾಯಕನಾದನು. ಮರುವರ್ಷ, ಹಾಯಿ ಹಗ್ಗ ಲಂಗರುಗಳ ಮೇಲ್ವಿಚಾರಕನಾದ ಬೋಸನ್ ಎಂಬ ಹುದ್ದೆಯೂ ದೊರೆಯಿತು. ಹಡಗಿನ ಕಪ್ತಾನನಾದ ಹ್ಯೂ ಪ್ಯಾಲಿಸರನು ಗುಣಗ್ರಾಹಿ. ಇತ್ತ ಊರಿನ ಹಿತೈಷಿಗಳು, ಕುಕ್ಕನಿಗೆ ಲೆಫ್ಟಿನೆಂಟ್ ಪದವಿ ದೊರೆಯಲೆಂದು ಪಾರ್ಲಿಮೆಂಟಿನ ಸದಸ್ಯರೊಬ್ಬರಿಂದ ಶಿಫಾರಸು ಪತ್ರವನ್ನು ಬರೆಸಿದರು. ಆದರೆ ನಿಯಮವು ಅಡ್ಡ ಬಂದಿತು. ಲೆಫ್ಟಿನೆಂಟನ ಪರೀಕ್ಷೆಗೆ ಆರು ವರ್ಷಗಳ ಸೇವೆ ಬೇಕು. ಕಲ್ಲಿದ್ದಲ ಹಡಗಿನಲ್ಲಿ ಬೆವರು ಸುರಿಸಿದ ವರ್ಷಗಳು ಆ ಲೆಕ್ಕಕ್ಕೆ ಸೇರಲಿಲ್ಲ. ಪ್ಯಾಲಿಸರನು ಇನ್ನೊಂದು ದಾರಿಯನ್ನು ಸೂಚಿಸಿದನು: ಮಾಸ್ಟರನ ವಾರಂಟು.

ಇಲ್ಲಿ ಆ ಕಾಲದ ಏರ್ಪಾಟನ್ನು ಸ್ವಲ್ಪ ವಿವರಿಸಬೇಕಾಗಿದೆ. ಹಾಯಿ ಹಡಗುಗಳ ಆ ಯುಗದಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳಲ್ಲಿ ಎರಡು ಪಂಗಡಗಳಿದ್ದವು. ಕಪ್ತಾನ, ಲೆಫ್ಟಿನೆಂಟ್ ಮೊದಲಾದವರು ಅಡ್ಮಿರಾಲ್ಟಿಯ ಕಮಿಷನ್ ಪಡೆದವರು. ಇವರಲ್ಲಿ ಹೆಚ್ಚಿನವರು ಅನುಕೂಲಸ್ಥ ಮನೆತನದವರು. ಇನ್ನೊಂದು ಪಂಗಡವು ಕಸುಬಿನವರದು. ಹಡಗನ್ನು ನಡೆಸುವ ಮಾಸ್ಟರ್, ಬೋಸನ್, ಗೋಲಂದಾಜ, ಬಡಗಿ, ವೈದ್ಯ, ಉಗ್ರಾಣದ ಪರ್ಸರ್, ಇವರೆಲ್ಲರೂ ವಾರಂಟೆಂಬ ನೇಮಕಪತ್ರ ಪಡೆದವರು. ಅಡಿಗೆಯವನಿಗೂ ವಾರಂಟಿದ್ದಿತು, ಆ ಹುದ್ದೆಯನ್ನು ಕಾಳಗದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ಹಳೆಯ ನಾವಿಕರಿಗೆ ಕೊಡುವ ವಾಡಿಕೆಯಿತ್ತು. ಕಡಾಯಿಯಲ್ಲಿ ಉಪ್ಪು ಮಾಂಸ ಬೇಯಿಸುವುದಕ್ಕೆ ಪಾಕಪ್ರಾವೀಣ್ಯವೇನೂ ಬೇಕಾಗಿರಲಿಲ್ಲವೆಂದು ತೋರುತ್ತದೆ. ನಮ್ಮ ಕಥಾನಾಯಕನ ಹೆಸರು ಕುಕ್ಕನೆಂದಿದ್ದರೂ ಅವನಿಗೂ ಅಡಿಗೆಮನೆಗೂ ಸಂಬಂಧವಿಲ್ಲವೆಂಬುದನ್ನು ನಮ್ಮ ಹೋಟೆಲು ಬಾಂಧವರು ಮನ್ನಿಸಬೇಕು.

ಈ ಕಸುಬಿನವರಿಗೆ ಮನೆತನದ ಹೆಸರು ಸಾಲದು, ಕೈಯ ಕೆಲಸ ಗೊತ್ತಿರಬೇಕು. ಆದುದರಿಂದ ಪರೀಕ್ಷೆಗಳಿದ್ದವು. ವೈದ್ಯನು ಲಂಡನ್ನಿನ ಶಸ್ತ್ರವೈದ್ಯರ ಸಂಘದೆದುರಿಗೆ ಕುಳಿತು ಉತ್ತರಿಸಬೇಕು. ಗೋಲಂದಾಜನು ಮದ್ದುಗುಂಡುಗಳ ವಿಷಯದಲ್ಲಿ ಅನುಭವಸ್ಥರಿಗೆ ಒಪ್ಪಿಗೆಯಾಗಬೇಕು. ಮಾಸ್ಟರನ ಪರೀಕ್ಷೆಯನ್ನು ನಡೆಸುತ್ತಿದ್ದುದು ಟ್ರಿನಿಟಿ ಹೌಸ್ ಎಂಬ ಸಂಸ್ಥೆ. ಎಂಟನೆಯ ಹೆನ್ರಿ ರಾಜನಿಂದ 1514ರಲ್ಲಿ ಸನ್ನದು ಪಡೆದ ಈ ನಾವಿಕರ ಸಂಘದ ಹಿರಿಯರು, ಸ್ವತಃ ಕಡಲಿನಲ್ಲಿ ಕೂದಲು ನರೆಸಿದವರು. ಅಭ್ಯರ್ಥಿಯು ಅವರ ಮುಂದೆ ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾಗಿದ್ದಿತು. ಸೂರ್ಯನ ಎತ್ತರವನ್ನಳೆದು ಅಕ್ಷಾಂಶ ಕಂಡುಹಿಡಿಯುವ ಕ್ರಮ, ದಿಕ್ಸೂಚಿಯ ದೋಷ, ಉಬ್ಬರವಿಳಿತಗಳ ಲೆಕ್ಕ, ಸೀಸದ ಗುಂಡನ್ನಿಳಿಸಿ ನೀರಿನ ಆಳವನ್ನೂ ತಳದ ಮಣ್ಣನ್ನೂ ಅರಿಯುವ ಬಗೆ, ಯಾವ ಬಂದರಿಗೆ ಯಾವ ಗುರುತನ್ನು ಹಿಡಿದು ಪ್ರವೇಶಿಸಬೇಕೆಂಬ ಜ್ಞಾನ, ಇವೆಲ್ಲವೂ ಮಾಸ್ಟರನಾಗುವವನಿಗೆ ಬೇಕಾದ ವಿದ್ಯೆಗಳು. ತೇರ್ಗಡೆಯಾದವನಿಗೆ ಯಾವ ದರ್ಜೆಯ ಹಡಗನ್ನು ನಡೆಸಲು ಅವನು ಅರ್ಹನೆಂಬುದನ್ನು ತಿಳಿಸುವ ಪ್ರಮಾಣಪತ್ರ. ಅದರ ಆಧಾರದ ಮೇಲೆ ನೌಕಾಮಂಡಳಿಯ ವಾರಂಟು. ದೊಡ್ಡ ದರ್ಜೆಯ ಹಡಗು ಬೇಕಾದರೆ ಮತ್ತೊಮ್ಮೆ ಪರೀಕ್ಷೆ.

1757ರ ಜೂನ್ 29ರಂದು ಕುಕ್ಕನು ಡೆಟ್‌ಫರ್ಡಿನ ಟ್ರಿನಿಟಿ ಹೌಸಿನಲ್ಲಿ ಪರೀಕ್ಷೆಗೆ ನಿಂತು ತೇರ್ಗಡೆಯಾದನು. ಮರುದಿನವೇ ಸೋಲ್‌ಬೇ ಎಂಬ ನೌಕೆಗೆ ಮಾಸ್ಟರನಾಗಿ ಹೊರಟನು. ನೌಕಾಪಡೆ ಸೇರಿ ಆಗಿದ್ದುದು ಎರಡೇ ವರ್ಷ. ಆದರೆ ಆ ಪರೀಕ್ಷೆಯ ಹಿಂದೆ ಕಲ್ಲಿದ್ದಲ ಧೂಳಿನಲ್ಲಿ ಕಳೆದ ಸುಮಾರು ಒಂಬತ್ತು ವರ್ಷಗಳಿದ್ದವು. ನಿಯಮವು ಲೆಕ್ಕಕ್ಕೆ ಹಿಡಿಯದ ಆ ವರ್ಷಗಳನ್ನು ಪರೀಕ್ಷೆಯು ಲೆಕ್ಕಕ್ಕೆ ಹಿಡಿಯಿತು.

ತೇರ್ಗಡೆಯಾದೊಡನೆ ಪುಸ್ತಕವನ್ನು ಕಟ್ಟಿಡುವವರು ಲೋಕದಲ್ಲಿ ಬಹಳ. ಕುಕ್ಕನು ಆ ಗುಂಪಿಗೆ ಸೇರಿದವನಲ್ಲ. 1758ರಲ್ಲಿ ಪೆಂಬ್ರೋಕ್ ಹಡಗಿನ ಮಾಸ್ಟರನಾಗಿ ಅಮೇರಿಕೆಯ ಲೂಯಿಬರ್ಗ್ ಕೋಟೆಯ ಮುತ್ತಿಗೆಗೆ ಹೋಗಿದ್ದಾಗ, ಸಮುದ್ರತೀರದಲ್ಲಿ ಸ್ಯಾಮ್ಯುಯೆಲ್ ಹಾಲೆಂಡ್ ಎಂಬ ಸೈನಿಕ ಎಂಜಿನಿಯರನು ಮೇಜಿನಂಥ ಉಪಕರಣವನ್ನಿಟ್ಟುಕೊಂಡು ಭೂಮಾಪನ ಮಾಡುತ್ತಿದ್ದುದನ್ನು ಕಂಡನು. ಹತ್ತಿರ ಹೋಗಿ ವಿಚಾರಿಸಿ ಅವನ ಶಿಷ್ಯನಾದನು. ತನ್ನ ಕಪ್ತಾನನಾದ ಸಿಮ್ಕೋನ ಪ್ರೋತ್ಸಾಹವೂ ದೊರೆಯಿತು. 1759ರಲ್ಲಿ ಕ್ವಿಬೆಕ್ ನಗರದ ಮೇಲೆ ದಂಡೆತ್ತಿ ಹೋದಾಗ, ಸೇಂಟ್ ಲಾರೆನ್ಸ್ ನದಿಯ ಅಪಾಯಕಾರಿ ಕಾಲುವೆಯ ಗುರುತುಗಳನ್ನು ಫ್ರೆಂಚರು ಕಿತ್ತುಹಾಕಿದ್ದರು. ಕುಕ್ಕನೂ ಇತರ ಮಾಸ್ಟರರೂ ದೋಣಿಗಳಲ್ಲಿ ಹೋಗಿ ಆಳವನ್ನಳೆದು ದಾರಿಯನ್ನು ಗುರುತಿಸಿದರು. ನೂರಕ್ಕೂ ಹೆಚ್ಚು ಹಡಗುಗಳು ಆ ನದಿಯನ್ನೇರಿದವು. ಚಳಿಗಾಲದ ಬಿಡುವಿನಲ್ಲಿ ಅವನು ಯೂಕ್ಲಿಡ್ಡನ ರೇಖಾಗಣಿತವನ್ನೂ ಖಗೋಳಶಾಸ್ತ್ರವನ್ನೂ ಅಭ್ಯಾಸ ಮಾಡಿದನು. ನದಿಯ ಮಾರ್ಗಗಳನ್ನು ಅರಿಯುವುದರಲ್ಲಿ ಅವನು ತೋರಿದ ಪರಿಶ್ರಮಕ್ಕಾಗಿ 1761ರಲ್ಲಿ 50 ಪೌಂಡುಗಳ ಬಹುಮಾನ ದೊರೆಯಿತು.

1762ರ ಡಿಸೆಂಬರಿನಲ್ಲಿ ಅವನು ಎಲಿಜಬೆತ್ ಬ್ಯಾಟ್ಸ್ ಎಂಬ ತರುಣಿಯನ್ನು ವಿವಾಹವಾದನು. ಮರುವರ್ಷದಿಂದ 1767ರವರೆಗೆ ನ್ಯೂಫೌಂಡ್‌ಲೆಂಡ್ ದ್ವೀಪದ ಕರಾವಳಿಯ ಮಾಪನ. 1764ರಲ್ಲಿ ಮದ್ದಿನ ಕೊಂಬು ಸಿಡಿದು ಅವನ ಬಲಗೈಗೆ ಘೋರವಾದ ಗಾಯವಾಯಿತು. ಆ ಕೈಯಿಂದಲೇ ಅವನು ರಚಿಸಿದ ನಕ್ಷೆಗಳು ತಲೆಮಾರುಗಳವರೆಗೆ ನಾವಿಕರಿಗೆ ದಾರಿ ತೋರಿದವು. 1766ರ ಆಗಸ್ಟ್ 5ರ ಸೂರ್ಯಗ್ರಹಣವನ್ನು ವೀಕ್ಷಿಸಿ ಅವನು ಬರೆದುಕೊಂಡ ವಿವರಗಳು ರಾಯಲ್ ಸೊಸೈಟಿಯ ವಿದ್ವಾಂಸರವರೆಗೆ ಮುಟ್ಟಿದವು. ಇಷ್ಟೆಲ್ಲ ಆದರೂ ಅವನು ಇನ್ನೂ ವಾರಂಟಿನ ಮಾಸ್ಟರನೇ! ಪರೀಕ್ಷೆಯಲ್ಲಿ ತೇರ್ಗಡೆಯಾದ ಹನ್ನೊಂದು ವರ್ಷಗಳ ಅನಂತರ, 1768ರ ಮೇ ತಿಂಗಳಲ್ಲಿ, ಮೂವತ್ತೊಂಬತ್ತರ ವಯಸ್ಸಿನಲ್ಲಿ ಅವನಿಗೆ ಲೆಫ್ಟಿನೆಂಟ್ ಪದವಿ ಬಂದಿತು. ಕೈಕೆಳಗೆ ಬಂದವರು ತಲೆಯ ಮೇಲೆ ಹೋಗುವುದನ್ನು ನೋಡುತ್ತ ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ಕುಳಿತ ನಮ್ಮ ಗುಮಾಸ್ತ ಬಂಧುಗಳಿಗೆ ಈ ಹನ್ನೊಂದು ವರ್ಷಗಳ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಪದವಿಯೊಡನೆ ಎಂಡೆವರ್ ಎಂಬ ಹಡಗೂ ದೊರೆಯಿತು. ಅದೂ ವಿಟ್ಬಿಯಲ್ಲಿ ಕಟ್ಟಿದ ಕಲ್ಲಿದ್ದಲ ಹಡಗೇ. ಕುಕ್ಕನು ಚಿಕ್ಕಂದಿನಿಂದ ಬಲ್ಲ ಜಾತಿ. 1769ರ ಜೂನ್ 3ರಂದು ಟಹೀಟಿ ದ್ವೀಪದಲ್ಲಿ ಶುಕ್ರಗ್ರಹವು ಸೂರ್ಯಬಿಂಬವನ್ನು ದಾಟುವುದನ್ನು ವೀಕ್ಷಿಸಿ, ಬಳಿಕ ನ್ಯೂಜಿಲೆಂಡನ್ನು ಸುತ್ತಿ ಬಂದು ನಕ್ಷೆ ಬರೆದನು. 1770ರಲ್ಲಿ ಆಸ್ಟ್ರೇಲಿಯದ ಪೂರ್ವ ಕರಾವಳಿಯುದ್ದಕ್ಕೂ ಸಾಗಿದನು. ಅಲ್ಲಿ ಜೂನ್ 11ರ ರಾತ್ರಿ ಹಡಗು ಹವಳದ ಬಂಡೆಗೆ ಬಡಿಯಿತು. ತೋಪುಗಳನ್ನೂ ಭಾರವಾದ ಸಾಮಗ್ರಿಯನ್ನೂ ಕಡಲಿಗೆಸೆದು, ಸುಮಾರು ಒಂದು ದಿನದ ಹೋರಾಟದ ಮೇಲೆ ಅದನ್ನು ತೇಲಿಸಿ ಪಾರಾದರು. ಎರಡನೆಯ ಯಾತ್ರೆಯಲ್ಲಿ, 1773ರ ಜನವರಿ 17ರಂದು, ಅವನು ದಕ್ಷಿಣ ಮೇರುವೃತ್ತವನ್ನು ದಾಟಿದನು. ಹಡಗಿನವರಿಗೆ ಹುಳಿಯೆಬ್ಬಿಸಿದ ಎಲೆಕೋಸನ್ನೂ ಸಿಕ್ಕಲ್ಲೆಲ್ಲ ಹಸಿರು ಸೊಪ್ಪನ್ನೂ ತಿನ್ನಿಸಿ, ಹಡಗನ್ನು ಚೊಕ್ಕಟವಾಗಿರಿಸಿ, ಮೂರು ವರ್ಷಗಳ ಆ ಪ್ರಯಾಣದಲ್ಲಿ ತನ್ನ ಹಡಗಿನ ನೂರಕ್ಕೂ ಹೆಚ್ಚು ಜನರ ಪೈಕಿ ಒಬ್ಬನನ್ನು ಮಾತ್ರ ರೋಗಕ್ಕೆ ತೆತ್ತನು. ಆರೋಗ್ಯರಕ್ಷಣೆಯ ಈ ಕಾರ್ಯಕ್ಕಾಗಿ ರಾಯಲ್ ಸೊಸೈಟಿಯು 1776ರಲ್ಲಿ ಕೋಪ್ಲಿ ಪದಕವನ್ನಿತ್ತಿತು. ಅಷ್ಟರಲ್ಲಿ ಅವನು ಮೂರನೆಯ ಯಾತ್ರೆಗೆ ಹೊರಟುಹೋಗಿದ್ದನು. ಪದಕವು ಅವನ ಕೈ ಸೇರಲೇ ಇಲ್ಲ.

ಕುಕ್ಕನ ಬಾಳಿನಲ್ಲಿ ಬೆಳಕೊಂದೇ ಇದ್ದಿತೆಂದು ಹೇಳಿದರೆ ನಾವು ಸತ್ಯಕ್ಕೆ ದ್ರೋಹ ಬಗೆದಂತಾದೀತು. ಅವನು ಹೋದ ನಾಡುಗಳು ಜನವಿಲ್ಲದ ನಾಡುಗಳಾಗಿರಲಿಲ್ಲ. 1769ರಲ್ಲಿ ನ್ಯೂಜಿಲೆಂಡಿಗೆ ಕಾಲಿಟ್ಟ ಮೊದಲ ದಿನಗಳಲ್ಲೇ ಅವನ ಕಡೆಯವರ ಗುಂಡಿಗೆ ಅಲ್ಲಿಯ ಮಾವೊರಿ ಜನರಲ್ಲಿ ಹಲವರು ಬಲಿಯಾದರು. ಮೂರನೆಯ ಯಾತ್ರೆಯಲ್ಲಂತೂ ಅವನ ತಾಳ್ಮೆಯು ಸವೆದಿದ್ದಿತು. 1777ರಲ್ಲಿ ಮೊರೆಯಾ ದ್ವೀಪದಲ್ಲಿ ಕಳುವಾದ ಒಂದು ಮೇಕೆಗಾಗಿ ಅವನು ಮನೆಗಳನ್ನೂ ದೋಣಿಗಳನ್ನೂ ಸುಡಿಸಿದನು. 1779ರ ಫೆಬ್ರವರಿ 14ರಂದು ಹವಾಯಿ ದ್ವೀಪದ ಕೆಯಾಲಕೆಕುವಾ ಕೊಲ್ಲಿಯಲ್ಲಿ, ಕಳುವಾದ ದೋಣಿಯೊಂದನ್ನು ಮರಳಿ ಪಡೆಯುವುದಕ್ಕಾಗಿ ಅಲ್ಲಿಯ ಅರಸನನ್ನೇ ಒತ್ತೆಯಾಗಿ ಹಿಡಿದು ತರಲು ಹೋದನು. ಜನರು ಕೆರಳಿದರು. ಆ ಗಲಭೆಯಲ್ಲಿ ಕುಕ್ಕನೂ ಅವನ ನಾಲ್ವರು ಸೈನಿಕರೂ ಹತರಾದರು. ದ್ವೀಪದವರೂ ಅನೇಕರು ಮಡಿದರು. ಆಗ ಅವನಿಗೆ ಐವತ್ತು ವರ್ಷ. ನೀರಿನ ಆಳವನ್ನೂ ಗಾಳಿಯ ದಿಕ್ಕನ್ನೂ ಅಳೆಯುವ ವಿದ್ಯೆಯನ್ನು ಟ್ರಿನಿಟಿ ಹೌಸಿನ ಹಿರಿಯರು ಪರೀಕ್ಷಿಸಿದ್ದರು. ಕೋಪವು ಉಕ್ಕಿದಾಗ ಮನುಷ್ಯನು ತನ್ನನ್ನು ತಾನು ನಡೆಸಿಕೊಳ್ಳಬೇಕಾದ ವಿದ್ಯೆಗೆ ಅಲ್ಲಿ ಪ್ರಶ್ನೆಗಳಿರಲಿಲ್ಲ. ಆ ಪರೀಕ್ಷೆಯು ಹವಾಯಿಯ ದಡದಲ್ಲಿ ಬಂದಿತು.

ಇನ್ನೊಬ್ಬರನ್ನು ನೆನೆಯದೆ ಈ ಕಥೆಯನ್ನು ಮುಗಿಸುವುದು ನ್ಯಾಯವಲ್ಲ. ಹದಿನಾರು ವರ್ಷಗಳ ದಾಂಪತ್ಯದಲ್ಲಿ ಎಲಿಜಬೆತ್ತಳು ಪತಿಯೊಡನೆ ಒಂದೇ ಮನೆಯಲ್ಲಿ ಕಳೆದ ಕಾಲವು ಅತ್ಯಲ್ಪ. ಪತಿಯ ಮರಣವಾರ್ತೆಯು ಲಂಡನ್ನಿಗೆ ಮುಟ್ಟಿದುದು 1780ರಲ್ಲಿ. ಅದೇ ವರ್ಷ ನೌಕಾಪಡೆಯಲ್ಲಿದ್ದ ಮಗನೊಬ್ಬನು ಬಿರುಗಾಳಿಗೆ ಸಿಕ್ಕಿ ಹಡಗಿನೊಡನೆ ಮುಳುಗಿದನು. ಆರು ಮಕ್ಕಳಲ್ಲಿ ಒಬ್ಬರೂ ಅವಳ ವೃದ್ಧಾಪ್ಯದವರೆಗೆ ಉಳಿಯಲಿಲ್ಲ. ಐವತ್ತಾರು ವರ್ಷಗಳ ವೈಧವ್ಯವನ್ನು ಸವೆಸಿ, 1835ರಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ ಆಕೆ ಕಣ್ಮುಚ್ಚಿದಳು. ಗಂಡಸರು ಕಡಲಾಚೆಯೋ ಘಟ್ಟದಾಚೆಯೋ ದುಡಿಯಲು ಹೋದ ಮನೆಗಳಲ್ಲಿ ಕಾಯುತ್ತ ಕುಳಿತವರ ಪರೀಕ್ಷೆಗೆ ಪ್ರಮಾಣಪತ್ರ ಕೊಡುವವರು ಯಾರೂ ಇಲ್ಲ.

ಕೂಲಿಯವನ ಮಗನು ಮೇಣದ ಬತ್ತಿಯ ಬೆಳಕಿನಲ್ಲಿ ಓದಿ ಮೇಲೇರಿದುದನ್ನು ನಮ್ಮ ತರುಣರು ತಿಳಿಯಲಿ. ಸಿಕ್ಕ ಯಜಮಾನಿಕೆಯನ್ನು ಬಿಟ್ಟು ಕೆಳಗಿನ ಮೆಟ್ಟಿಲಿನಿಂದ ಮತ್ತೆ ಹತ್ತಿದ ಅವನ ಧೈರ್ಯವನ್ನು ಮೆಚ್ಚಲಿ. ಹತ್ತಿದ ಮೇಲೆ ಎದುರಿಗಿರುವ ಮನುಷ್ಯನನ್ನು ಹೇಗೆ ಕಾಣಬೇಕೆಂಬುದನ್ನು ಅವನ ಏಳಿಗೆಯಿಂದಲ್ಲದೆ ಅವನ ಕೊನೆಯಿಂದಲೂ ಕಲಿಯಲಿ. ಇಂದು ರಾತ್ರಿಯೂ ಯಾವುದೋ ಕೋಣೆಯ ಮೂಲೆಯಲ್ಲಿ ಪುಸ್ತಕ ಬಿಡಿಸಿ ಕುಳಿತಿರುವ ನಮ್ಮ ಕಿರಿಯ ಬಂಧುವಿಗೆ ಯಶಸ್ಸಾಗಲೆಂದು ನಾವು ಹಾರೈಸುತ್ತೇವೆ.